ಗೇಟಿನ ಹೊರಗೆ ಬೆಲ್ಟು ಕಾಯುವವಳು

ಇಸ್ಮೇನಿಯಾ ಪಿರಾಕೀವೆ ಅಂದರೆ ಬೊಗೊತಾದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬೆಲ್ಟಿನ ದೋನ್ಯಾ, ಬೆಲ್ಟಿನ ಅಮ್ಮ ಅನ್ನಿ, ಕರಿ ಅಂಗಿ ಹಾಕಿದ ಅರ್ಧ ಊರು ತಿರುಗಿ ನೋಡುತ್ತದೆ. ಪಾರ್ಕಿನ ರಾಕ್ ಹಬ್ಬ ಶುರುವಾದಾಗಿನಿಂದ ಅವಳು ಅದರ ಗೇಟಿನ ಹೊರಗೆ ಕೂತಿದ್ದಾಳೆ. ಒಳಗೆ ಒಂದು ದಿನವೂ ಕಾಲಿಟ್ಟಿಲ್ಲ. ಯಾವ ಬ್ಯಾಂಡು ಯಾವ ದೇಶದ್ದು, ಯಾರು ಚೆನ್ನಾಗಿ ಕಿರುಚುತ್ತಾರೆ, ಒಂದೂ ಅರಿಯಳು. ಆದರೂ ಆ ಹಬ್ಬದ ಚರಿತ್ರೆ ಬರೆಯುತ್ತೇನೆ ಅಂತ ಯಾರಾದರೂ ಹೊರಟರೆ ಮೊದಲು ಅವಳ ಪಕ್ಕದಲ್ಲಿ ಬಂದು ಕೂರಬೇಕು ಅಂತ ನನ್ನ ವಾದ.

ನಾನು ಫ್ಲೋರಾಲ್ಬಾ. ಮನೆಯಲ್ಲೂ ಅವಳ ಪಕ್ಕದವಳು, ಗೇಟಿನಲ್ಲೂ ಪಕ್ಕದವಳು. ಬಿಸಿ ಬೆಲ್ಲದ ನೀರು, ಅದರೊಳಗೆ ಅದ್ದಿ ತಿನ್ನುವುದಕ್ಕೆ ಚೀಸಿನ ತುಂಡು, ಮಳೆ ಬಂದರೆ ಪ್ಲಾಸ್ಟಿಕ್ ಕೊಪ್ಪೆ, ಇಷ್ಟು ನನ್ನ ವ್ಯಾಪಾರ. ನಾನು ಬಾಯಿಬಡುಕಿ ಅಂತ ಇಸ್ಮೇನಿಯಾ ಕಂಡಕಂಡವರಿಗೆ ಹೇಳುತ್ತಾಳೆ. ಅವಳು ಬಾಯೇ ಬಿಡುವುದಿಲ್ಲವಲ್ಲ, ಇಬ್ಬರ ಪಾಲಿನ ಮಾತನ್ನೂ ನಾನೇ ಆಡಬೇಕು. ಅದಕ್ಕೇ ಈ ಕಥೆಯೂ ನನ್ನ ತಲೆಗೆ ಬಂದಿದೆ.

ತೊಂಬತ್ತೈದರಲ್ಲಿ ಹಬ್ಬ ಶುರುವಾದಾಗ ಅದು ಹೀಗೆ ಬೆಳೆಯುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಟಿಕೆಟ್ ಇಲ್ಲ, ಊರಿನ ದುಡ್ಡಲ್ಲಿ ಊರಿನ ಹುಡುಗರಿಗೆ ಸಂಗೀತ. ಆಗ ಇಸ್ಮೇನಿಯಾ ರೆಸ್ತ್ರೆಪೊ ಬಡಾವಣೆಯ ಒಂದು ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುತ್ತಿದ್ದಳು. ವಾರಾಂತ್ಯದಲ್ಲಿ ಸುಟ್ಟ ಜೋಳದ ತೆನೆ ಮಾರುವುದಕ್ಕೆ ನನ್ನ ಜೊತೆ ಬರುತ್ತಿದ್ದಳು. ಗೇಟಿನಲ್ಲಿ ಪೊಲೀಸರು ಹುಡುಗರ ಮೈ ತಡವಿ ಬೆಲ್ಟು ಬಿಚ್ಚಿಸುತ್ತಿದ್ದರು. ಜಗಳ ಬಂದರೆ ಬಕಲ್ಲಿನಲ್ಲಿ ತಲೆ ಒಡೆಯುತ್ತಾರೆ ಅಂತ ಅವರ ಭಯ. ಬಿಚ್ಚಿದ ಬೆಲ್ಟು ಎಲ್ಲಿಡಬೇಕು ಅಂತ ಮಾತ್ರ ಯಾರೂ ಯೋಚಿಸಿರಲಿಲ್ಲ. ಬೇಲಿಗೆ ಕಟ್ಟಿ ಹೋದವರ ಬೆಲ್ಟು ಬೇರೆಯವರ ಸೊಂಟ ಸೇರುತ್ತಿತ್ತು.

ಆವತ್ತು ಮೀಸೆ ಚಿಗುರದ ಒಬ್ಬ ಹುಡುಗ ನಮ್ಮ ಒಲೆಯ ಮುಂದೆ ನಿಂತ. ಫೆರ್ಲೆಯ್ ಅಂತ ಹೆಸರು. ಒಂದು ಕೈಯಲ್ಲಿ ಜಾರುವ ಪ್ಯಾಂಟು, ಇನ್ನೊಂದರಲ್ಲಿ ಬೆಲ್ಟು.

"ದೋನ್ಯಾ, ಇದನ್ನ ಸ್ವಲ್ಪ ಇಟ್ಕೊಂಡಿರ್ತೀರಾ? ನಮ್ಮಪ್ಪಂದು. ಕೇಳ್ದೆ ಹಾಕ್ಕೊಂಡು ಬಂದಿದೀನಿ. ಕಳ್ದೋದ್ರೆ ಚರ್ಮ ಸುಲಿದು ಇನ್ನೊಂದು ಬೆಲ್ಟ್ ಮಾಡ್ತಾರೆ."

ಇಸ್ಮೇನಿಯಾ ಅದನ್ನು ತೆಗೆದುಕೊಂಡು ಕೊರಳಿಗೆ ಹಾಕಿಕೊಂಡಳು. ಜೋಳದ ಮೂಟೆಗೆ ಕಟ್ಟಿದ್ದ ಕತ್ತಾಳೆ ಹುರಿ ಬಿಚ್ಚಿ ಅವನ ಪ್ಯಾಂಟಿಗೆ ಬಿಗಿದಳು. "ಹೋಗು, ಬರೋವಾಗ ನೀನೇ ಬಂದು ಇಸ್ಕೋ. ಬೇರೆ ಯಾರ ಕೈಲೂ ಕೊಡಲ್ಲ," ಅಂದಳು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಸಂಜೆ ಹೊತ್ತಿಗೆ ಅವಳಿಗೆ ಕುತ್ತಿಗೆ ತಿರುಗಿಸಲು ಆಗದಷ್ಟು ಬೆಲ್ಟು ಬಿದ್ದಿತ್ತು. ಜೋಳ ಪೂರ್ತಿ ಸೀದು ಹೋಯಿತು.

ಮುಂದಿನ ಸಲ ಜೋಳ ತರಲಿಲ್ಲ. ಎರಡು ಪೆಟ್ಟಿಗೆಯ ನಡುವೆ ಪೊರಕೆ ಕೋಲು ಇಟ್ಟಳು. ಬೆಲ್ಟುಗಳನ್ನು ಬಕಲ್ ಹಿಡಿದು ಅದಕ್ಕೆ ನೇತು ಹಾಕುವುದು. ಚೀಟಿ ಕೊಟ್ಟರೆ ಆ ಕುಣಿತ ತಳ್ಳಾಟದಲ್ಲಿ ಉಳಿಯುತ್ತದೆಯೇ? ಹುರಿಯನ್ನೇ ಚೀಟಿ ಮಾಡಿದಳು. ಒಂದು ಮಾರು ಹುರಿ ಕತ್ತರಿಸಿ ಹುಡುಗನ ಪ್ಯಾಂಟಿಗೆ ಕಟ್ಟುತ್ತಾಳೆ. ಅದರ ತುದಿಗೆ ಬಣ್ಣದ ಉಣ್ಣೆ ದಾರ ಸುತ್ತುತ್ತಾಳೆ, ಒಬ್ಬೊಬ್ಬರಿಗೆ ಒಂದೊಂದು ಬಗೆಯ ಜೋಡಣೆ. ಅದೇ ಬಣ್ಣ, ಅದೇ ಸುತ್ತು ಬೆಲ್ಟಿನ ಬಕಲ್ಲಿಗೂ. ಬಂದವನು ಸೊಂಟದ ಹುರಿ ತೋರಿಸಬೇಕು, ಜೋಡಿ ನೋಡಿ ಬೆಲ್ಟು ಕೊಡಬೇಕು. ಪ್ಯಾಂಟೂ ಉದುರಲ್ಲ, ಗುರುತೂ ಕಳೆಯಲ್ಲ. ಸ್ಕೂಲಿಗೆ ಹೋಗಿದ್ದರೆ ಇವಳು ಇಂಜಿನಿಯರ್ ಆಗುತ್ತಿದ್ದಳು ಅಂತ ನಾನು ರೇಗಿಸುತ್ತಿದ್ದೆ.

ಹಬ್ಬದ ವಯಸ್ಸು ಅವಳಿಗೆ ಬೆಲ್ಟಿನಲ್ಲಿ ಗೊತ್ತು. ಮೊದಲ ವರ್ಷಗಳಲ್ಲಿ ಅಪ್ಪಂದಿರ ಅಲಮಾರಿಯಿಂದ ಕದ್ದ ಬೆಲ್ಟು. ಆಮೇಲೆ ಖಾಲಿ ತೋಟಾ ಪೋಣಿಸಿದ ಬೆಲ್ಟು, ಕೋಲೇ ಬಾಗುವಷ್ಟು ಭಾರ. ಹೊರದೇಶದ ದೊಡ್ಡ ಬ್ಯಾಂಡುಗಳು ಬರುವುದಕ್ಕೆ ಶುರುವಾದ ಮೇಲೆ ಗುಬ್ಬಿ ಮೊಳೆ ಹೊಡೆದವು. ಒಂದಷ್ಟು ವರ್ಷ ಬಿಳಿ ಬೆಲ್ಟು ಬಂತು, ಅದರ ಜೊತೆ ಒಂದು ಕಣ್ಣಿಗೆ ಕೂದಲು ಇಳಿಬಿಟ್ಟುಕೊಂಡ ಅಳುಮುಂಜಿ ಹುಡುಗರು. ಅವರು ಹೇಳದೆ ಕೇಳದೆ ಮಾಯವಾದರು. ಪ್ರತಿ ಸಲ ಮೇಯರ್ ಬದಲಾದಾಗಲೂ 'ಈ ಸಲ ಹಬ್ಬ ಇಲ್ಲವಂತೆ' ಅಂತ ಸುದ್ದಿ ಹುಟ್ಟುತ್ತದೆ. ತಿಂಗಳು ಬದಲಾಗುತ್ತದೆ, ವೇದಿಕೆ ಬದಲಾಗುತ್ತದೆ. ಮಳೆ ಮತ್ತು ಇಸ್ಮೇನಿಯಾ ಮಾತ್ರ ಬದಲಾಗಿಲ್ಲ.

ಫೆರ್ಲೆಯ್ ಒಂದು ವರ್ಷವೂ ತಪ್ಪಿಸಲಿಲ್ಲ. ಗಟ್ಟಿ ರಾಕಿನ ಶನಿವಾರ ಅಂದರೆ ಎಲ್ಲರಿಗಿಂತ ಮೊದಲು ಹಾಜರ್. ಅವನ ಅಪ್ಪ ದೋನ್ ಅರಿಸ್ತೋಬುಲೊ ರೆಸ್ತ್ರೆಪೊದಲ್ಲಿ ಕುದುರೆ ಜೀನು ಹೊಲಿಯುವವನು, ಕೆಲಸದಲ್ಲಿ ಎತ್ತಿದ ಕೈ. ಮಗ ತನ್ನ ಪಕ್ಕದಲ್ಲಿ ಕೂತು ಚರ್ಮ ಹೊಲಿಯಲಿ ಅಂತ ಅವನ ಆಸೆ. ಮಗ ಕೂದಲು ಬೆಳೆಸಿ ಬಸ್ ರಿಪೇರಿ ಗ್ಯಾರೇಜು ಸೇರಿದ. ಅಪ್ಪ ಮಾತು ಬಿಟ್ಟ. ಬಿಡುವ ಮೊದಲು ಒಂದು ಮಾತು ಆಡಿದನಂತೆ. ಅದನ್ನು ಫೆರ್ಲೆಯ್ ನಮ್ಮ ಒಲೆಯ ಮುಂದೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ.

"'ಇದು ನಾಲ್ಕು ದಿನದ ಹುಚ್ಚು. ಹೊಟ್ಟೆ ಬಂದ್ಮೇಲೆ ಕೂದ್ಲೂ ಕತ್ತರಿಸ್ತೀಯ, ಈ ಗದ್ಲಾನೂ ಬಿಡ್ತೀಯ' ಅಂದ್ರು, ದೋನ್ಯಾ. ಅಷ್ಟೇ. ಆಮೇಲೆ ಉಪ್ಪು ಕೊಡು ಅಂತ್ಲೂ ಕೇಳಿಲ್ಲ ನನ್ನ."

"ನಿಂಗೆ ಹೊಟ್ಟೆ ಬರೋದು ಬೇಡ ಅಂದ್ರೆ ನನ್ನ ಚೀಸ್ ತಿನ್ನೋದು ಬಿಡು," ಅಂತ ನಾನು ಅನ್ನುತ್ತಿದ್ದೆ. ನಗುತ್ತಿದ್ದ. ನಕ್ಕರೂ ಆ ಮಾತು ಅವನೊಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತ್ತು.

ಒಂದು ವರ್ಷ ಹಬ್ಬದ ಹಿಂದಿನ ದಿನ ಅವನ ಕೋಣೆಯ ಬಾಗಿಲಿಗೆ ಒಂದು ಹೊಸ ಬೆಲ್ಟು ನೇತಾಡುತ್ತಿತ್ತಂತೆ. ಅಪ್ಪ ಹೊಲಿದದ್ದು. ಕೊಡುತ್ತಿದ್ದೇನೆ ಅಂತಲೂ ಇಲ್ಲ, ಇಟ್ಟುಕೋ ಅಂತಲೂ ಇಲ್ಲ. ಕರಿ ಚರ್ಮ, ಒಳಗೆ ಇನ್ನೊಂದು ತೆಳು ಚರ್ಮದ ಪದರ, ಮೊಳೆ ಪಳೆ ಏನೂ ಇಲ್ಲ. ಬಕಲ್ಲಿನ ಹಿಂದೆ ಅರ್ಧಚಂದ್ರದ ಹಾಗೆ ಬಾಗಿದ ಒಂದು ಸಣ್ಣ ಗೀರು, ಅವನಪ್ಪನ ಗುರುತು. ತುದಿ ಮಾತ್ರ ಒಂದು ಗೇಣು ಹೆಚ್ಚು ಉದ್ದ. ಪ್ಯಾಂಟಿನ ಮುಂದೆ ಜೋತಾಡುತ್ತಿತ್ತು. ಗೆಳೆಯರು "ಏನೋ, ನಿಂಗೆ ಮುಂದ್ಗಡೆ ಬಾಲ" ಅಂತ ಆಡಿಕೊಂಡರು.

"ಅಳತೆ ತಪ್ಪಿದಾರೆ ಅಪ್ಪ. ವಯಸ್ಸಾಯ್ತು," ಅಂದ ಫೆರ್ಲೆಯ್, ಬೆಲ್ಟು ಕೊಡುತ್ತಾ.

ಇಸ್ಮೇನಿಯಾ ಅದನ್ನು ಬೆರಳಲ್ಲಿ ಸವರಿ ನೋಡಿದಳು. ಹೊಲಿಗೆಯ ಮೇಲೆ ಉಗುರು ಎಳೆದಳು. "ಈ ಕೈ ಅಳತೆ ತಪ್ಪೋ ಕೈ ಅಲ್ಲ," ಅಂದಳು. ಅವಳ ಬಾಯಿಂದ ಅದು ದೊಡ್ಡ ಹೊಗಳಿಕೆ. ಆಮೇಲೆ ಪ್ರತಿ ವರ್ಷ ಆ ಬೆಲ್ಟನ್ನು ಕೋಲಿನ ಮೊದಲ ಜಾಗದಲ್ಲೇ ಹಾಕುತ್ತಿದ್ದಳು.

ದೋನ್ ಅರಿಸ್ತೋಬುಲೊ ತೀರಿಕೊಂಡ. ಅಪ್ಪ ಮಗ ಮಾತಾಡಲೇ ಇಲ್ಲ. ಆ ವರ್ಷದ ಹಬ್ಬಕ್ಕೆ ಫೆರ್ಲೆಯ್ ಬಂದಾಗ ಬೆಲ್ಟು ಬಿಚ್ಚುವುದಕ್ಕೆ ಕೈ ಬರಲಿಲ್ಲ ಅವನಿಗೆ. "ಜೋಪಾನ ದೋನ್ಯಾ. ನಂಗೆ ಅಂತ ಅವ್ರು ಬಿಟ್ಟೋಗಿದ್ದು ಇದೊಂದೇ," ಅಂದ.

"ನಿನ್ನ ಕೈಗೇ ಕೊಡ್ತೀನಿ ಕಣೋ, ಹೋಗು."

ಮಧ್ಯಾಹ್ನ ಮೂರರ ಹೊತ್ತಿಗೆ ಆಲಿಕಲ್ಲು ಬಿತ್ತು. ಬೊಗೊತಾದಲ್ಲಿ ಆಲಿಕಲ್ಲು ಹೊಸದಲ್ಲ, ಆದರೆ ಆವತ್ತಿನದು ಒಲೆಯ ಬೆಂಕಿಯನ್ನೇ ಮುಚ್ಚಿತು. ಹಾಡು ನಿಂತಿತು. ಒಳಗಿದ್ದ ಜನ ಒಟ್ಟಿಗೇ ಹೊರಗೆ ನುಗ್ಗಿದರು. ನನ್ನ ಕೊಪ್ಪೆ ಎಲ್ಲ ಕ್ಷಣದಲ್ಲಿ ಖಾಲಿ. ನನಗೆ ಹಬ್ಬ, ಅವಳಿಗೆ ಗ್ರಹಚಾರ. ಆ ವರ್ಷ ಅವಳು ಅಗ್ಗದ ಉಣ್ಣೆ ದಾರ ತಂದಿದ್ದಳು. ನೆಂದದ್ದೇ ತಡ, ಕೆಂಪು ಬಣ್ಣ ಬಿಟ್ಟಿತು. ಹಳದಿಗೆ ಇಳಿಯಿತು, ಬಿಳಿಗೆ ಇಳಿಯಿತು. ಎಲ್ಲ ಹುರಿಯ ತುದಿಯೂ ಒಂದೇ ಕಂದು. ನೂಕಾಟಕ್ಕೆ ಕೋಲು ಉರುಳಿ, ಮತ್ತೆ ನೇತು ಹಾಕುವಾಗ ಬೆಲ್ಟುಗಳ ಜಾಗವೂ ಅದಲು ಬದಲಾಯಿತು. ಚಳಿಗೆ ನಡುಗುವ ಹುಡುಗರು "ಬೇಗ ದೋನ್ಯಾ, ಬೇಗ" ಅಂತ ಮೈಮೇಲೆ ಬೀಳುತ್ತಿದ್ದಾರೆ. ಅವಳು ಸೊಂಟ ನೋಡಿ, ಬೆಲ್ಟಿನಲ್ಲಿ ಸವೆದ ತೂತು ನೋಡಿ, ಅಂದಾಜಿನ ಮೇಲೆ ಕೊಟ್ಟಳು. ಬಹಳಷ್ಟು ಸರಿಯಾಗಿಯೇ ಕೊಟ್ಟಳು.

ಫೆರ್ಲೆಯ್ ಕೊನೆಗೆ ಬಂದ. ಅವನು ಯಾವತ್ತೂ ನುಗ್ಗುವವನಲ್ಲ. ಕೋಲಿನ ಮೇಲೆ ಒಂದೇ ಬೆಲ್ಟು ಉಳಿದಿತ್ತು. ರೆಕ್ಸಿನ್ನಿನದು, ಬಕಲ್ಲಿಗೆ ತುಕ್ಕು.

ಇಸ್ಮೇನಿಯಾ ಕೋಲನ್ನು ನೋಡಿದಳು, ಪೆಟ್ಟಿಗೆಯ ಹಿಂದೆ ನೋಡಿದಳು, ನನ್ನ ಒಲೆಯ ಕೆಳಗೂ ನೋಡಿದಳು. ಆಮೇಲೆ ಕೈ ಬಿಟ್ಟು ನಿಂತಳು. "ತಪ್ಪು ಕೈಗೆ ಕೊಟ್ಟೆ ಮಗಾ," ಅಂದಳು.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಂಡೆಯ ಮೇಲೆ ತಲೆಬುರುಡೆಯ ಟೋಪಿ, ಅಂಗಿಯ ಮೇಲೆ ದೆವ್ವದ ಚಿತ್ರ, ಅಷ್ಟು ದೊಡ್ಡ ಗಂಡಸು ಆಲಿಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅತ್ತ. ನನಗೆ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಲೋಟ ತುಂಬ ಬೆಲ್ಲದ ನೀರು ಕೊಟ್ಟೆ, ಕುಡಿಯಲಿಲ್ಲ.

"ಬರತ್ತೆ," ಅಂದಳು ಇಸ್ಮೇನಿಯಾ. "ಆ ಬೆಲ್ಟ್ ಕಟ್ಕೊಂಡವ್ನು ನಿನ್ನಂಥವ್ನೇ ಅಲ್ವಾ? ಇವತ್ತಲ್ಲ ನಾಳೆ ಈ ಹಬ್ಬಕ್ಕೆ ಬರ್ಲೇಬೇಕು. ಬಂದ್ರೆ ಗೇಟಲ್ಲಿ ಬಿಚ್ಲೇಬೇಕು. ಎಲ್ಲಿಗೆ ಹೋಗತ್ತೆ? ನಿನ್ನ ಕೈಗೆ ಕೊಡ್ತೀನಿ."

"ಅಲ್ಲೀವರ್ಗೂ ಈ ಹುರೀನೇ ಕಟ್ಕೊಂಡಿರ್ತೀನಿ," ಅಂದ ಅವನು, ಮೂಗು ಒರೆಸಿಕೊಂಡು. ಸಿಟ್ಟಲ್ಲಿ ಅಂದನೋ ನಂಬಿಕೆಯಲ್ಲಿ ಅಂದನೋ ಗೊತ್ತಿಲ್ಲ.

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಸ್ಮೇನಿಯಾ ಮುಂದಿನ ವರ್ಷದಿಂದ ಬಣ್ಣ ಬಿಡದ ನೈಲಾನ್ ದಾರ ತಂದಳು. ಒಂದೊಂದು ಬೆಲ್ಟನ್ನೂ ತೆಗೆದುಕೊಂಡು ಬಕಲ್ಲಿನ ಹಿಂದೆ ಬೆರಳಾಡಿಸಿದ ಮೇಲೆ ಕೋಲಿಗೆ ಹಾಕುವುದು. ಸಾಲು ಉದ್ದವಾಗುತ್ತಿತ್ತು, ಹುಡುಗರು ಗೊಣಗುತ್ತಿದ್ದರು. ಪಾರ್ಕಿನ ಆಚೆ ಬದಿಯಲ್ಲಿ ಇನ್ನೊಂದು ಗೇಟಿತ್ತು, ಅಲ್ಲೂ ಯಾರೋ ಬೆಲ್ಟು ಕಾಯುವುದಕ್ಕೆ ಶುರು ಮಾಡಿದ್ದರು. ಅವಳು ನಡುವೆ ಬಿಡುವಾದಾಗ ಅಲ್ಲಿಗೂ ಹೋಗಿ ಅವರ ಕೋಲನ್ನೂ ತಡಕಿ ಬರುತ್ತಿದ್ದಳು. ಕಳ್ಳಿ ಅಂದುಕೊಂಡು ಒಮ್ಮೆ ಬೈದೇ ಕಳಿಸಿದರು. ಬೆಲ್ಟು ಬರಲಿಲ್ಲ.

ಫೆರ್ಲೆಯ್ ಮಾತ್ರ ಬರುತ್ತಿದ್ದ, ಅದೇ ಹುರಿ ಸೊಂಟಕ್ಕೆ ಕಟ್ಟಿಕೊಂಡು. ಗ್ಯಾರೇಜಿಗೂ ಅದೇ, ಮದುವೆಗೆ ಹೋದರೂ ಅದೇ. "ಬಂತಾ ದೋನ್ಯಾ?" ಅಂತ ಕೇಳುವುದು, "ಇನ್ನೂ ಇಲ್ಲ ಮಗಾ" ಅಂತ ಅವಳು ಹೇಳುವುದು. ನಿಧಾನಕ್ಕೆ ಅವನಿಗೆ ಹೊಟ್ಟೆ ಬಂತು. ಕೂದಲು ಮಾತ್ರ ಕತ್ತರಿಸಲಿಲ್ಲ.

ಆಮೇಲೆ ಊರಿಗೇ ರೋಗ ಬಂದು ಹಬ್ಬ ನಿಂತಿತು. ಟಿ.ವಿ.ಯಲ್ಲಿ ಹಾಡು ಹಾಕಿದರಂತೆ. ಟಿ.ವಿ.ಯ ಮುಂದೆ ಯಾರು ಬೆಲ್ಟು ಬಿಚ್ಚುತ್ತಾರೆ? ಆ ಬಿಡುವಿನಲ್ಲಿ ಇಸ್ಮೇನಿಯಾಳ ಕಣ್ಣಿಗೆ ಪೊರೆ ಬಂತು, ಮಂಡಿ ಊದಿತು. ಹಬ್ಬ ಮತ್ತೆ ಶುರುವಾದಾಗ ಅವಳ ಮಗಳು ನನ್ನ ಮನೆಗೆ ಬಂದು, "ಫ್ಲೋರಾಲ್ಬಾ ಅಕ್ಕ, ನೀವಾದ್ರೂ ಬುದ್ಧಿ ಹೇಳಿ, ಅಮ್ಮಂಗೆ ಈ ಚಳೀಲಿ ಇದೆಲ್ಲ ಯಾಕೆ?" ಅಂದಳು. ನಾನು ಹೇಳಿದೆ.

"ಲೇ ಇಸ್ಮೇನಿಯಾ, ಸಾಕು ಮಾಡೇ. ಒಂದು ಬೆಲ್ಟಿಗೆ ಪ್ರಾಣ ಕೊಡ್ತೀಯಾ?"

"ಬೆಲ್ಟಿಗಲ್ಲ ಕಣೇ. 'ನಿನ್ನ ಕೈಗೇ ಕೊಡ್ತೀನಿ' ಅಂತ ಎಷ್ಟು ಜನಕ್ಕೆ ಹೇಳಿದೀನಿ ನಾನು? ಅವನೊಬ್ಬನಿಗೆ ಕೊಡ್ದೇ ಎದ್ದೋದ್ರೆ ಎಲ್ರಿಗೂ ಹೇಳಿದ್ದು ಸುಳ್ಳಾಗತ್ತೆ."

ಹುಟ್ಟುಗುಣ ಸುಟ್ಟರೂ ಹೋಗದು. ನಾನು ಬಾಯಿ ಮುಚ್ಚಿಕೊಂಡು ಅವಳ ಪೆಟ್ಟಿಗೆಯನ್ನೂ ನನ್ನ ಗಾಡಿಗೆ ಏರಿಸಿದೆ.

ಹೋದ ವರ್ಷದ ಗಟ್ಟಿ ರಾಕಿನ ಶನಿವಾರ. ಮೋಡ ಇತ್ತು, ಮಳೆ ಇರಲಿಲ್ಲ. ಕಡ್ಡಿಯ ಹಾಗಿದ್ದ ಒಬ್ಬ ಹುಡುಗಿ ಬಂದಳು, ಯುರಾನಿ ಅಂತ ಹೆಸರು. ದೂರದ ದಕ್ಷಿಣದ ಪಾಸ್ತೊ ಊರಿನ ಕಡೆಯ ಮಾತು, ಬೆನ್ನಿಗೆ ಚೀಲ, ರಾತ್ರಿಯೆಲ್ಲ ಬಸ್ಸಲ್ಲಿ ಕೂತ ಮುಖ. ಬೆಲ್ಟು ಬಿಚ್ಚಿ ಕೊಟ್ಟಳು. ಇಸ್ಮೇನಿಯಾ ಎಂದಿನ ಹಾಗೆ ಹುರಿ ಕತ್ತರಿಸಿ ಕಟ್ಟಿದಳು, ನೀಲಿ ದಾರ ಸುತ್ತಿದಳು, "ನೀನೇ ಬಂದು ಇಸ್ಕೋ, ಬೇರೆ ಯಾರ ಕೈಲೂ ಕೊಡಲ್ಲ" ಅಂದಳು. ಹುಡುಗಿ ಒಳಗೆ ಹೋದಳು. ಆಮೇಲೆ ಇವಳು ಬಕಲ್ಲಿನ ಹಿಂದೆ ಬೆರಳಾಡಿಸಿದಳು.

ಆ ಬೆರಳು ಅಲ್ಲೇ ನಿಂತಿತು. ಹೊಲಿಗೆಯ ಮೇಲೆ ಉಗುರು ಎಳೆದಳು. ತುದಿಯವರೆಗೆ ಸವರಿದಳು. "ಫ್ಲೋರಾಲ್ಬಾ, ಇಲ್ಲಿ ಬಾ," ಅಂದಳು, ಮೆಲ್ಲಗೆ. "ಅರ್ಧಚಂದ್ರ ಇದ್ಯಾ ನೋಡು. ನನ್ನ ಕಣ್ಣು ನಂಬಲ್ಲ ನಾನು."

ಇತ್ತು. ಒಂದು ಗೇಣು ಹೆಚ್ಚಿನ ತುದಿಯೂ ಇತ್ತು. ಬಕಲ್ಲಿನ ಹತ್ತಿರದಲ್ಲಿ ಯಾರೋ ಕಾದ ಮೊಳೆಯಲ್ಲಿ ಒಂದು ಒರಟು ತೂತು ಚುಚ್ಚಿದ್ದರು, ಆ ಹುಡುಗಿಯ ಸಣ್ಣ ಸೊಂಟಕ್ಕೆ. ಅಷ್ಟರಲ್ಲಿ ಫೆರ್ಲೆಯ್ ಬಂದ.

"ಬಂತಾ ದೋನ್ಯಾ?"

"ಬಂತು," ಅಂದಳು ಅವಳು.

ಅವನು ಹುಬ್ಬು ಗಂಟಿಕ್ಕಿ ನಿಂತ, ತಮಾಷೆ ಅಂದುಕೊಂಡು. ಕೋಲಿನ ಮೊದಲ ಜಾಗದಲ್ಲಿ ನೇತಾಡುತ್ತಿದ್ದ ಬೆಲ್ಟು ಕಂಡಿತು. ಕೈ ಚಾಚಿದ. ಇಸ್ಮೇನಿಯಾ ಆ ಕೈಗೆ ಪಟ್ಟಂತ ಒಂದು ಏಟು ಕೊಟ್ಟಳು.

"ಮುಟ್ಬೇಡ. ಇಟ್ಟವ್ಳು ಒಳಗಿದಾಳೆ."

"ಅದು ನಂದು, ದೋನ್ಯಾ."

"ಗೊತ್ತು. ನಿನ್ನ ಕೈಗೆ ಕೊಡ್ತೀನಿ ಅಂದಿದ್ದೆ, ಅದೂ ಗೊತ್ತು. ಈಗ ಅವಳಿಗೂ ಅಂದುಬಿಟ್ಟಿದೀನಿ. ಅವಳು ಬರ್ಲಿ. ಕೂತ್ಕೋ."

ನನಗೆ ಮೈಯೆಲ್ಲ ಉರಿಯಿತು. "ನಿಂಗೇನು ತಲೆ ಕೆಟ್ಟಿದ್ಯಾ? ಅವನ್ದು ಅವನಿಗೆ ಕೊಟ್ಟು ಕಳ್ಸು. ಆ ಹುಡುಗಿ ಬಂದ್ರೆ ನಾನು ಉತ್ರ ಹೇಳ್ತೀನಿ," ಅಂದೆ.

"ನೀನು ಹೇಳ್ತೀಯ. ಬೆಲ್ಟ್ ಇಸ್ಕೊಂಡಿದ್ದು ನೀನಲ್ವಲ್ಲ." ಅತ್ತ ದರಿ ಇತ್ತ ಪುಲಿ ಅನ್ನುವ ಸ್ಥಿತಿ ಅವಳದು, ಆದರೂ ದನಿ ಏರಲಿಲ್ಲ. "ಆವತ್ತು ಅಂದಾಜಿನ ಮೇಲೆ ತಪ್ಪು ಕೈಗೆ ಕೊಟ್ಟೆ. ಇವತ್ತು ಬೇಕೂಂತ್ಲೇ ಬೇರೆ ಕೈಗೆ ಕೊಡ್ಲಾ?"

ಫೆರ್ಲೆಯ್ ಕೂತ. ಒಳಗೆ ಅವನು ಹುಡುಗನಾಗಿದ್ದಾಗಿನಿಂದ ಕೇಳಬೇಕು ಅಂತಿದ್ದ ಒಂದು ಬ್ಯಾಂಡು ಶುರು ಮಾಡಿತು, ಚಳಿದೇಶದ್ದು ಅಂತೆ. ಬೇಲಿಯ ಈಚೆಗೆ ನೆಲ ಅದುರುವುದು ಮಾತ್ರ ಗೊತ್ತಾಗುತ್ತಿತ್ತು. ಹೋಗು ಅಂದರೂ ಹೋಗಲಿಲ್ಲ. ಮಂಡಿ ತಬ್ಬಿಕೊಂಡು ಬೆಲ್ಟನ್ನೇ ನೋಡುತ್ತಾ ಕೂತಿದ್ದ, ಅದು ಎದ್ದು ಓಡುತ್ತದೇನೋ ಅನ್ನುವ ಹಾಗೆ. ಹುಡುಗಿ ಕೊಡುವುದಿಲ್ಲ ಅಂದರೆ ಏನು ಗತಿ ಅಂತ ನಾನು ಒಳಗೊಳಗೇ ಕುದಿಯುತ್ತಿದ್ದೆ. ಆ ಯೋಚನೆಯಲ್ಲಿ ಬೆಲ್ಲದ ನೀರು ಉಕ್ಕಿಸಿದೆ.

ಸಂಜೆ ಬೆಳಕಿರುವಾಗಲೇ ಯುರಾನಿ ಹೊರಗೆ ಬಂದಳು. ಪಾಸ್ತೊ ಬಸ್ಸು ಹಿಡಿಯಬೇಕಂತೆ. ಹುರಿಯ ನೀಲಿ ದಾರ ತೋರಿಸಿದಳು. ಇಸ್ಮೇನಿಯಾ ಎರಡೂ ಜೋಡಿ ನೋಡಿ ಬೆಲ್ಟು ಅವಳ ಕೈಗೆ ಕೊಟ್ಟಳು. ಹುಡುಗಿ ಹುರಿ ಬಿಚ್ಚಿ ಹಿಂದಿರುಗಿಸಿ ಬೆಲ್ಟು ಕಟ್ಟಿಕೊಂಡಳು. ಫೆರ್ಲೆಯ್ ಎದ್ದು ನಿಂತ.

"ಈಗ ಅದು ನಿನ್ನ ಕೈ ಸೇರ್ತು," ಅಂದಳು ಇಸ್ಮೇನಿಯಾ. "ನನ್ನ ಕೆಲಸ ಮುಗೀತು. ಇನ್ನು ಬೇರೆ ಮಾತು. ಈ ಬೆಲ್ಟ್ ನಿಂಗೆಲ್ಲಿ ಸಿಕ್ತು ಮಗೂ?"

"ನಮ್ಮಪ್ಪಂದು, ಅಜ್ಜಿ."

"ಇದನ್ನ ಹೊಲಿದಿದ್ದು ಇವನಪ್ಪ. ಅವರು ಈಗಿಲ್ಲ. ಆಲಿಕಲ್ಲು ಬಿದ್ದ ವರ್ಷ ದಾರದ ಬಣ್ಣ ಬಿಡ್ತು, ನಾನು ಇವನ್ದನ್ನ ನಿಮ್ಮಪ್ಪಂಗೆ ಕೊಟ್ಟುಬಿಟ್ಟೆ."

ಹುಡುಗಿಯ ಮೂಗಿನ ಹೊಳ್ಳೆ ಅರಳಿತು. "ನಮ್ಮಪ್ಪ ಕಳ್ಳ ಅಂತೀರಾ?"

"ಇಲ್ಲ. ತಪ್ಪು ಕೊಟ್ಟಿದ್ದು ನಾನು. ಅವನು ವಾಪಸ್ ತರಲಿಲ್ಲ, ಅಷ್ಟೇ."

ಯುರಾನಿ ಕೆಳಗೆ ಬೆಲ್ಟು ನೋಡಿದಳು, ಫೆರ್ಲೆಯ್‌ನ ಸೊಂಟದಲ್ಲಿ ಸವೆದು ಕರ್ರಗಾದ ಹುರಿ ನೋಡಿದಳು. ಅವಳ ಮುಖದಲ್ಲಿ ಏನೋ ಒಂದು ಲೆಕ್ಕ ಕೂಡಿ ಬಂತು.

"ಅದಕ್ಕೇನಾ," ಅಂದಳು. "ಅಪ್ಪ ನಂಗೆ ಬಸ್ ಹತ್ತಿಸೋವಾಗ 'ಬೆಲ್ಟ್ ಕಾಯೋ ಅಜ್ಜಿ ಇರೋ ಗೇಟಿಗೆ ಹೋಗ್ಬೇಡ, ಆಚೆಕಡೆ ಗೇಟಿಗೆ ಹೋಗು' ಅಂತ ಮೂರು ಸಲ ಹೇಳಿದ್ರು. ಯಾಕೆ ಅಂದ್ರೆ ಹೇಳ್ಲಿಲ್ಲ. ಅಲ್ಲಿ ಸಾಲು ಉದ್ದ ಇತ್ತು, ಇಲ್ಲಿಗೆ ಬಂದೆ."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಆ ಮಹಾರಾಯ ಇವಳ ಕಣ್ಣು ತಪ್ಪಿಸಿ ಪಾರ್ಕು ಸುತ್ತುತ್ತಿದ್ದನಲ್ಲ. ಹುಡುಗಿ ನಗಲಿಲ್ಲ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಬೆಲ್ಟು ಬಿಚ್ಚಿ ಎರಡು ಕೈಯಲ್ಲಿ ಫೆರ್ಲೆಯ್‌ಗೆ ಕೊಟ್ಟಳು. ಪ್ಯಾಂಟು ಜಾರಿತು, ಗಬಕ್ಕನೆ ಹಿಡಿದುಕೊಂಡಳು. ಫೆರ್ಲೆಯ್ ತನ್ನ ಹುರಿ ಬಿಚ್ಚಿ, "ಇದನ್ನ ಕಟ್ಕೋಮ್ಮ, ಗಟ್ಟಿ ಇದೆ. ನಿಮ್ಮಪ್ಪಂಗೆ ತೋರ್ಸು," ಅಂದ. ಅವಳು ಅದನ್ನು ಸೊಂಟಕ್ಕೆ ಬಿಗಿದುಕೊಂಡು ಬಸ್ಸಿಗೆ ಓಡಿದಳು.

ಅವನು ಬೆಲ್ಟು ಸುತ್ತಿಕೊಂಡ. ಹೊಟ್ಟೆ ಒಳಗೆ ಎಳೆದ, ಇನ್ನೂ ಎಳೆದ. ಕೊನೆಯ ತೂತಿಗೂ ಬಕಲ್ಲಿಗೂ ಎರಡು ಬೆರಳು ಅಂತರ. ನಗುವುದಕ್ಕೆ ನೋಡಿದ, ಆಗಲಿಲ್ಲ.

"ಹೊಟ್ಟೆ ಬಂದ್ಮೇಲೆ ಬಿಡ್ತೀಯ ಅಂದಿದ್ರಲ್ಲ," ಅಂದ. "ನೋಡಿ, ಅವರ ಮಾತೇ ನಿಜ ಆಯ್ತು. ಬೆಲ್ಟೂ ನನ್ನ ಬಿಡ್ತು."

"ಕೊಡಿಲ್ಲಿ," ಅಂದಳು ಇಸ್ಮೇನಿಯಾ.

ತುದಿಯ ಆ ಹೆಚ್ಚಿನ ಗೇಣನ್ನು ಮಡಿಲಲ್ಲಿ ಹಾಕಿಕೊಂಡಳು. ತಿರುಗಿಸಿ ಒಳಪದರದ ಮೇಲೆ ಹೆಬ್ಬೆರಳು ಆಡಿಸಿದಳು, ಬೆರಳು ಒಂದು ಕಡೆ ನಿಂತಿತು, ಮುಂದೆ ಹೋಯಿತು, ಮತ್ತೆ ನಿಂತಿತು. ಉಗುರಿನಿಂದ ಏನನ್ನೋ ಕೆರೆದಳು. ಕರಿ ಮೇಣದ ಒಂದು ಚೂರು ಎದ್ದು ಬಂತು.

"ಬೆರಳು ಇಲ್ಲಿಡು."

ಅವನು ಇಟ್ಟ.

"ಏನದು?" ಅಂತ ಅವಳೇ ಕೇಳಿದಳು.

"ಚುಚ್ಚಿದ ಹಾಗಿದೆ. ತೂತು ಅಲ್ಲ."

"ತೂತಿಗೆ ಗುರುತು. ನಮ್ಮ ಕಾರ್ಖಾನೇಲೂ ಹಿಂಗೇ ಮಾಡ್ತಿದ್ವಿ. ಮೊದ್ಲು ಎಲ್ಲಾ ಕಡೆ ಅಳೆದು ಚುಚ್ಚಿ ಇಡೋದು, ಈಗ ಬೇಕಾದಷ್ಟು ಮಾತ್ರ ತೂತು ಹಾಕೋದು. ಮಿಕ್ಕಿದ್ದಕ್ಕೆ ನೀರು ಇಳೀದಂಗೆ ಮೇಣ." ಅವನ ಬೆರಳನ್ನು ಹಿಡಿದು ಮುಂದಕ್ಕೆ ಎಳೆದಳು. "ಇಲ್ಲೊಂದು. ಇಲ್ಲೊಂದು. ಇಲ್ಲಿ. ತುದೀವರ್ಗೂ ಇದೆ ನೋಡು. ಅಳತೆ ತಪ್ಪಿದಾರೆ ಅಂದ್ಯಲ್ಲ? ನೀನು ಎಷ್ಟು ದಪ್ಪ ಆಗ್ತೀಯ ಅಂತ ಅಳತೆ ಮಾಡಿ ಬಿಟ್ಟಿದಾನೆ ಕಣೋ ನಿಮ್ಮಪ್ಪ."

ಫೆರ್ಲೆಯ್ ಒಂದೊಂದೇ ಗುರುತನ್ನು ಮತ್ತೆ ಬೆರಳಲ್ಲಿ ಮುಟ್ಟಿ ನೋಡಿದ.

"ಇದು ನಾಲ್ಕು ದಿನಕ್ಕೆ ಹೊಲಿದ ಬೆಲ್ಟಲ್ಲ," ಅಂದಳು ಅವಳು. "ನೀನು ಬಿಡಲ್ಲ ಅಂತ ಅವನಿಗೆ ಗೊತ್ತಿತ್ತು."

ಅವಳ ಪೆಟ್ಟಿಗೆಯಲ್ಲಿ ಕಾರ್ಖಾನೆಯ ಕಾಲದ ಒಂದು ದಬ್ಬಳ ಇದೆ. ಅದನ್ನು ತೆಗೆದು ಮೊದಲ ಗುರುತಿನ ಮೇಲೆ ಇಟ್ಟು, ಕಣ್ಣು ಮುಚ್ಚಿಕೊಂಡೇ, ಮೈಯ ಭಾರ ಹಾಕಿ ಒತ್ತಿದಳು. ಚರ್ಮ ಸುಲಭಕ್ಕೆ ದಾರಿ ಬಿಟ್ಟಿತು. ಅವನು ಕಟ್ಟಿಕೊಂಡ. ಸರಿಯಾಗಿ ಕೂತಿತು. ಎರಡು ಕೈಯಲ್ಲೂ ಬೆಲ್ಟು ಹಿಡಿದುಕೊಂಡು, ಬೇಲಿಯ ಕಡೆ ಮುಖ ಮಾಡಿ ನಿಂತ. ನಾನು ಒಲೆ ಊದುವ ನೆಪದಲ್ಲಿ ಶಾಲಿನ ತುದಿ ಕಣ್ಣಿಗೆ ತಂದುಕೊಂಡೆ.

ಒಳಗೆ ಇನ್ನೂ ಒಂದು ಬ್ಯಾಂಡು ಬಾಕಿ ಇತ್ತು. ಫೆರ್ಲೆಯ್ ತಿರುಗಿದ, ಬೆಲ್ಟು ಬಿಚ್ಚಿದ, ಇಸ್ಮೇನಿಯಾಳ ಕೈಗೆ ಕೊಟ್ಟ. ಅವಳು ಒಂದು ಮಾರು ಹೊಸ ಹುರಿ ಕತ್ತರಿಸಿದಳು.